ಮೆಟ್ಟು ಕೇಳಲು ಬಂದವನು

ಅಕ್ಕನ ಮಗಳು ಒಂಬತ್ತನೇ ಕ್ಲಾಸು. ನಾನು ಬರೆದ 60 ಪುಟಗಳನ್ನು ಒಂದೇ ಭಾನುವಾರ ಓದಿ ಮುಗಿಸಿ, ಹಾಳೆಗಳ ಕಟ್ಟನ್ನು ಊಟದ ಟೇಬಲ್ ಮೇಲೆ ಇಟ್ಟು, "ಚಿಕ್ಕಿ, ಇವನಿಗೆ ಮನೆಯವರು ಯಾರೂ ಇಲ್ವಾ?" ಅಂತ ಕೇಳಿದಳು.

ಇವನು ಅಂದರೆ ನನ್ನ ಕಾದಂಬರಿಯ ನಾಯಕ. ವ್ಯಾಂಪೈರ್. 200 ವರ್ಷ ವಯಸ್ಸು, ನೋಡಲು 17ರ ಹುಡುಗ. ಮಡಿಕೇರಿಯ ಮಂಜಿನಲ್ಲಿ ಉದ್ದ ಕೋಟು ಹಾಕಿಕೊಂಡು ಓಡಾಡುತ್ತಾನೆ, ಜಾಸ್ತಿ ಮಾತಾಡುವುದಿಲ್ಲ, ಹುಡುಗಿಯೊಬ್ಬಳನ್ನು ದೂರದಿಂದ ನೋಡುತ್ತಿರುತ್ತಾನೆ. ಬಹಳ ಪ್ರೀತಿಯಿಂದ ಕಟ್ಟಿದ್ದೆ ಅವನನ್ನು. ಕೋಟಿನ ಗುಂಡಿ ಯಾವ ಬಣ್ಣ ಅಂತ ಕೂಡ ಬರೆದಿದ್ದೆ. ಆದರೆ ಅವನ ಅಮ್ಮ ಯಾರು, ಅವನು ಸತ್ತಾಗ ಅತ್ತವರು ಯಾರು, ಅದು ನನಗೂ ಗೊತ್ತಿರಲಿಲ್ಲ.

"ಅವನು ಒಂಟಿ ಕಣೇ" ಅಂದೆ.

"200 ವರ್ಷ ಒಂಟಿನಾ? ಮತ್ತೆ ಆ ಕೋಟು ಯಾರು ಒಗೀತಾರೆ?"

ನಗು ಬಂತು, ಸಿಟ್ಟೂ ಬಂತು. ಹದಿಹರೆಯದವರಿಗಾಗಿ ಬರೆಯುವುದರಲ್ಲಿ ಇದೊಂದು ಕಷ್ಟ. ದೊಡ್ಡವರು ಓದಿ ಇಷ್ಟವಾಗದಿದ್ದರೆ "ಚೆನ್ನಾಗಿದೆ" ಅಂದು ಮಾತು ಬದಲಿಸುತ್ತಾರೆ. ಈ ವಯಸ್ಸಿನವರು ನಿಮ್ಮ ಕಥೆಯನ್ನು ನಿಜ ಅಂತಲೇ ಇಟ್ಟುಕೊಂಡು ಲೆಕ್ಕ ಕೇಳುತ್ತಾರೆ. ಅವನು ದುಡ್ಡು ಎಲ್ಲಿಂದ ತರುತ್ತಾನೆ, ಆಧಾರ್ ಕಾರ್ಡ್ ಇದೆಯಾ, 200 ವರ್ಷ ಬದುಕಿದವನು ಯಾಕೆ ಮತ್ತೆ ಪಿಯುಸಿ ಓದಲು ಬರುತ್ತಾನೆ. ಇದಕ್ಕೆಲ್ಲ ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಮನೆಯವರ ಪ್ರಶ್ನೆ ಮಾತ್ರ ಬಿಡಲಿಲ್ಲ. ಅವತ್ತು ರಾತ್ರಿ, ಇಷ್ಟಕ್ಕೂ ಈ ವ್ಯಾಂಪೈರ್ ಅನ್ನುವವನು ಮೊದಲು ಎಲ್ಲಿಂದ ಬಂದ ಅಂತ ಹುಡುಕಲು ಕೂತೆ. ಹುಡುಕಿದಷ್ಟೂ ನನ್ನ ಕೋಟಿನ ಹುಡುಗ ಬಣ್ಣ ಕಳೆದುಕೊಳ್ಳುತ್ತಾ ಹೋದ.

ಮೊದಲ ದೊಡ್ಡ ದಾಖಲೆ ಇರುವುದು ಸರ್ಬಿಯಾದಲ್ಲಿ. ಕಿಸಿಲ್ಯೇವೊ ಅನ್ನುವ ಹಳ್ಳಿ, 1725ನೇ ಇಸವಿ. 1718ರ ಒಪ್ಪಂದದ ನಂತರ ಆ ಸೀಮೆ ತುರ್ಕರ ಕೈಯಿಂದ ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ದೊರೆಗಳ ಕೈಗೆ ಬಂದಿತ್ತು. ಹೊಸ ಸರ್ಕಾರ, ಹೊಸ ಅಧಿಕಾರಿಗಳು, ಎಲ್ಲದಕ್ಕೂ ವರದಿ. ಹಳ್ಳಿಯವರು ತಲೆತಲಾಂತರದಿಂದ ನಂಬಿಕೊಂಡು ಬಂದಿದ್ದ ವಿಷಯವೊಂದು ಸರ್ಕಾರಿ ಕಾಗದಕ್ಕೆ ಏರಿದ್ದು ಹಾಗೆ. ನಮ್ಮಲ್ಲಿ ಊರಿನ ದೆವ್ವದ ವಿಷಯ ತಹಸೀಲ್ದಾರರ ಫೈಲಿಗೆ ಹೋದರೆ ಹೇಗಿರುತ್ತದೆ, ಹಾಗೆ.

ಸತ್ತವನ ಹೆಸರು ಪೆಟಾರ್ ಬ್ಲಾಗೊಯೆವಿಚ್. ಸಾಮಾನ್ಯ ರೈತ. ಅವನನ್ನು ಮಣ್ಣು ಮಾಡಿ ಸುಮಾರು ಹತ್ತು ವಾರ ಆಗಿತ್ತು. ಅಷ್ಟರಲ್ಲಿ ಎಂಟು ದಿನದೊಳಗೆ ಊರಿನ 9 ಜನ ಸತ್ತರು. ಒಂದು ದಿನ ಕಾಯಿಲೆ, ಮಾರನೇ ದಿನ ಸಾವು. ಸಾಯುವ ಮುಂಚೆ ಅವರೆಲ್ಲ ಹೇಳಿದ್ದು ಒಂದೇ: ನಿದ್ದೆಯಲ್ಲಿ ಪೆಟಾರ್ ಬಂದ, ಮೈಮೇಲೆ ಬಿದ್ದ, ಕುತ್ತಿಗೆ ಹಿಸುಕಿದ.

ಫ್ರೊಂಬಾಲ್ಡ್ ಅನ್ನುವ ಅಧಿಕಾರಿಯನ್ನು ಊರವರು ಕರೆಸಿದರು. ಹೆಣ ತೆಗೆದು ನೋಡಲೇಬೇಕು ಅಂದರು. ಮೇಲಿನವರ ಅನುಮತಿ ಬರುವವರೆಗೆ ತಡೆಯಿರಿ ಅಂದ ಅವನು. ನೀವು ತಡೆದರೆ ನಾವು ಊರು ಬಿಟ್ಟು ಹೋಗುತ್ತೇವೆ, ತುರ್ಕರ ಕಾಲದಲ್ಲೂ ಹೀಗೇ ಆಗಿ ಇಡೀ ಊರು ಹಾಳಾಗಿತ್ತು ಅಂತ ಹೆದರಿಸಿದರು. ಅಗೆದರು. ದೇಹ ಹೆಚ್ಚು ಕೆಟ್ಟಿರಲಿಲ್ಲ, ಕೂದಲು ಗಡ್ಡ ಉಗುರು ಬೆಳೆದ ಹಾಗಿತ್ತು, ಬಾಯಲ್ಲಿ ರಕ್ತ ಇತ್ತು. ಎದೆಗೆ ಗೂಟ ಹೊಡೆದು ಸುಟ್ಟು ಬೂದಿ ಮಾಡಿದರು. ಫ್ರೊಂಬಾಲ್ಡ್ ವರದಿಯ ಕೊನೆಯಲ್ಲಿ, ಇದರಲ್ಲಿ ತಪ್ಪೇನಾದರೂ ಆಗಿದ್ದರೆ ಅದು ನನ್ನದಲ್ಲ, ಹೆದರಿ ಬುದ್ಧಿ ಕಳೆದುಕೊಂಡ ಜನರದ್ದು ಅಂತ ಬರೆದು ಕೈ ತೊಳೆದುಕೊಂಡ. ಸರ್ಕಾರಿ ನೌಕರ ಎಲ್ಲ ಕಾಲಕ್ಕೂ ಒಬ್ಬನೇ! ಆ ವರ್ಷದ ಜುಲೈನಲ್ಲಿ ಈ ವರದಿ ವಿಯೆನ್ನಾದ ಪತ್ರಿಕೆಯಲ್ಲಿ ಅಚ್ಚಾಯಿತು.

ಇಷ್ಟು ಎಷ್ಟೋ ಕಡೆ ಸಿಗುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ ವರದಿಯ ಒಂದು ಸಾಲು. ಪೆಟಾರ್ ತನ್ನ ಹೆಂಡತಿಯ ಹತ್ತಿರವೂ ಬಂದಿದ್ದನಂತೆ. ಬಂದು ಅವಳ ರಕ್ತ ಕೇಳಲಿಲ್ಲ. ತನ್ನ ಒಪಾನಕ್ ಕೇಳಿದ. ಒಪಾನಕ್ ಅಂದರೆ ಅಲ್ಲಿನ ರೈತರು ಹಾಕುತ್ತಿದ್ದ ಚರ್ಮದ ಮೆಟ್ಟು. ಆ ಹೆಂಗಸು ಹೆದರಿ ಊರನ್ನೇ ಬಿಟ್ಟು ಬೇರೆ ಊರಿಗೆ ಹೋದಳು.

ಮೆಟ್ಟು ಕೇಳಿದ! ನಾನು ಆ ಸಾಲನ್ನು ಎಷ್ಟು ಸಲ ಓದಿದೆನೋ. ನಮ್ಮಲ್ಲಿ ದೆವ್ವ ಮೆಟ್ಟಿಕೊಂಡಿದೆ ಅನ್ನುತ್ತೇವೆ, ಚಪ್ಪಲಿಗೂ ಮೆಟ್ಟು ಅನ್ನುತ್ತೇವೆ. ಇವನು ನೋಡಿದರೆ ಎರಡನ್ನೂ ಒಟ್ಟಿಗೆ ಮಾಡಿದ್ದಾನೆ. (ಅಕ್ಕನ ಮಗಳಿಗೆ ಇದನ್ನು ಹೇಳಿದಾಗ ಅವಳು, "ದೆವ್ವದ ಪಾದ ಹಿಂದುಮುಂದು ಇರುತ್ತಲ್ವಾ, ಚಪ್ಪಲಿ ಹೇಗೆ ಹಾಕ್ಕೊಳ್ತಾನೆ?" ಅಂದಳು. ಸರ್ಬಿಯಾದ ದೆವ್ವಕ್ಕೆ ಪಾದ ನೆಟ್ಟಗೇ ಇರುತ್ತೆ ಅಂತ ಹೇಳಿ ಸುಮ್ಮನಾಗಿಸಿದೆ.)

ಇದಾಗಿ ಏಳು ವರ್ಷಕ್ಕೆ ಇನ್ನೊಂದು ವರದಿ. ಅದೇ ಸರ್ಬಿಯಾದ ಮೆಡ್ವೆಜಾ ಅನ್ನುವ ಊರು. ಅಲ್ಲಿ ಆರ್ನಾಲ್ಡ್ ಪಾವೊಲೆ ಅನ್ನುವವನು ಹುಲ್ಲಿನ ಗಾಡಿಯಿಂದ ಬಿದ್ದು ಕತ್ತು ಮುರಿದು ಸತ್ತಿದ್ದ. ಬದುಕಿದ್ದಾಗ, ತನ್ನನ್ನು ಒಂದು ವ್ಯಾಂಪೈರ್ ಕಾಡಿತ್ತು, ಅದರಿಂದ ಬಿಡಿಸಿಕೊಳ್ಳಲು ಅದರ ಗೋರಿಯ ಮಣ್ಣು ತಿಂದೆ, ಅದರ ರಕ್ತ ಮೈಗೆ ಬಳಿದುಕೊಂಡೆ ಅಂತ ಊರಿಗೆಲ್ಲ ಹೇಳಿದ್ದನಂತೆ. ಅವನ ಹೆಣವನ್ನೂ ಊರವರು ಅಗೆದು ತೆಗೆದು ಗೂಟ ಹೊಡೆದಿದ್ದರು. ಆದರೂ ಐದಾರು ವರ್ಷದ ಮೇಲೆ ಮತ್ತೆ ಸಾವುಗಳು ಶುರುವಾದವು. 1732ರ ಜನವರಿಯಲ್ಲಿ ಫ್ಲೂಕಿಂಗರ್ ಅನ್ನುವ ಸೈನ್ಯದ ವೈದ್ಯ ಗೋರಿಗಳನ್ನು ಅಗೆಸಿ, ಒಂದೊಂದು ಹೆಣವನ್ನೂ ನೋಡಿ ಸಹಿ ಹಾಕಿದ. ಅದು ಯುರೋಪಿನ ತುಂಬಾ ಹಬ್ಬಿತು. ಕೊನೆಗೆ 1755ರಲ್ಲಿ ಮಹಾರಾಣಿ ಮರಿಯಾ ಥೆರೇಸಾ ತನ್ನ ವೈದ್ಯ ವಾನ್ ಸ್ವೀಟೆನ್ ಅವರ ಮಾತು ಕೇಳಿ, ಇನ್ನು ಮುಂದೆ ಹೆಣಗಳ ತಂಟೆಗೆ ಹೋಗಬೇಡಿ ಅಂತ ಕಟ್ಟಪ್ಪಣೆ ಮಾಡಬೇಕಾಯಿತು.

ಹೆಣ ಯಾಕೆ ಹಾಗಿತ್ತು ಅನ್ನುವುದಕ್ಕೆ ಈಗ ಸುಲಭದ ಉತ್ತರ ಇದೆ. ತಣ್ಣನೆ ಮಣ್ಣಿನಲ್ಲಿ ದೇಹ ನಿಧಾನವಾಗಿ ಕೊಳೆಯುತ್ತದೆ. ಒಳಗೆ ಗಾಳಿ ತುಂಬಿ ಹೊಟ್ಟೆ ಉಬ್ಬುತ್ತದೆ, ಚೆನ್ನಾಗಿ ತಿಂದು ಮಲಗಿದವನ ಹಾಗೆ. ಆ ಒತ್ತಡಕ್ಕೆ ಒಳಗಿನ ಕೆಂಪು ನೀರು ಬಾಯಿ ಮೂಗಿನಿಂದ ಹೊರಗೆ ಬರುತ್ತದೆ. ಚರ್ಮ ಒಣಗಿ ಹಿಂದೆ ಸರಿದರೆ ಉಗುರು ಬೆಳೆದ ಹಾಗೆ ಕಾಣುತ್ತದೆ. ಗೂಟ ಹೊಡೆದಾಗ ಗಾಳಿ ಗಂಟಲಿನಿಂದ ನುಗ್ಗಿದರೆ ನರಳಿದ ಸದ್ದು ಕೂಡ ಬರಬಹುದು. ಆ ಜನ ನೋಡಿದ್ದು ಸುಳ್ಳಲ್ಲ. ಹತ್ತು ವಾರದ ಹೆಣ ಹೇಗಿರುತ್ತದೆ ಅಂತ ಅವರಿಗೆ ಗೊತ್ತಿರಲಿಲ್ಲ ಅಷ್ಟೇ. ನನಗೂ ಗೊತ್ತಿರಲಿಲ್ಲ, ಈಗ ಗೊತ್ತಾಗಿ ಎರಡು ದಿನ ಊಟ ಸೇರಲಿಲ್ಲ.

ಆದರೆ ಈ ವಿವರಣೆ ನನ್ನ ಕಾದಂಬರಿಗೆ ಅಷ್ಟೇನೂ ಉಪಯೋಗಕ್ಕೆ ಬರಲಿಲ್ಲ. ಉಪಯೋಗಕ್ಕೆ ಬಂದಿದ್ದು ಮೆಟ್ಟು. ಯಾಕೆಂದರೆ ಈ ಹಳೆಯ ವರದಿಗಳಲ್ಲಿ ಬರುವ ವ್ಯಾಂಪೈರ್‌ಗೆ ಕೋಟೆ ಇಲ್ಲ, ಕುದುರೆ ಗಾಡಿ ಇಲ್ಲ, ರೂಪವೂ ಇಲ್ಲ. ಅವನು ಆ ಊರಿನವನೇ. ಗಂಡ, ನೆರೆಯವನು, ಪಕ್ಕದ ಬೀದಿಯವರ ಮಗ. ಬರುವುದು ತನ್ನ ಮನೆಗೆ, ಕೇಳುವುದು ತನ್ನ ವಸ್ತು. ಎಲ್ಲರಿಗೂ ಅವನ ಹೆಸರು ಗೊತ್ತು. ಭಯ ಇರುವುದೇ ಅಲ್ಲಿ. ಗುರುತಿಲ್ಲದವನು ಬಾಗಿಲು ಬಡಿದರೆ ಚಿಲಕ ಹಾಕಿಕೊಂಡು ಕೂರಬಹುದು. ಮೂರು ತಿಂಗಳ ಹಿಂದೆ ಮಣ್ಣು ಹಾಕಿ ಬಂದ ಗಂಡ ಬಾಗಿಲಲ್ಲಿ ನಿಂತು ಚಪ್ಪಲಿ ಎಲ್ಲಿಟ್ಟಿದ್ದೀಯ ಅಂತ ಕೇಳಿದರೆ?

ಹಾಗಾದರೆ ಅವನ ಮನೆಯವರನ್ನು ಕಿತ್ತುಕೊಂಡವರು ಯಾರು? ಇದಕ್ಕೆ ಉತ್ತರ ಹೆಚ್ಚುಕಡಿಮೆ ಒಂದು ಮಳೆಗಾಲದಲ್ಲಿ ಇದೆ. 1815ರಲ್ಲಿ ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಅದರ ಬೂದಿ ಆಕಾಶಕ್ಕೆ ಏರಿ, ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಆ 1816ರ ಜೂನ್‌ನಲ್ಲಿ ಜಿನೀವಾ ಸರೋವರದ ದಡದ ಬಂಗಲೆಯೊಂದರಲ್ಲಿ, ಬಿಡದ ಮಳೆಗೆ ಬೇಸತ್ತು, ಕವಿ ಬೈರನ್ ತನ್ನ ಗೆಳೆಯರಿಗೆ ಎಲ್ಲರೂ ಒಂದೊಂದು ದೆವ್ವದ ಕಥೆ ಬರೆಯೋಣ ಅಂದ. 18ರ ಮೇರಿ ಶೆಲ್ಲಿಯ ಫ್ರಾಂಕೆನ್‌ಸ್ಟೈನ್ ಹುಟ್ಟಿದ್ದು ಅಲ್ಲೇ. ಅಲ್ಲಿಯೇ ಇದ್ದ ಬೈರನ್‌ನ ವೈದ್ಯ, 20 ವರ್ಷದ ಜಾನ್ ಪೊಲಿಡೊರಿ, ಬೈರನ್ ಅರ್ಧಕ್ಕೆ ಬಿಟ್ಟ ಕಥೆಯೊಂದನ್ನು ಎತ್ತಿಕೊಂಡು ವ್ಯಾಂಪೈರ್ ಕಥೆ ಬರೆದ. ಅವನ ವ್ಯಾಂಪೈರ್ ಲಂಡನ್ನಿನ ಶ್ರೀಮಂತ, ಬಿಳಚಿಕೊಂಡ ಮುಖ, ಪಾರ್ಟಿಗಳಿಗೆ ಬರುತ್ತಾನೆ, ಹೆಣ್ಣುಮಕ್ಕಳು ಮರುಳಾಗುತ್ತಾರೆ. ಅದು ಬೈರನ್‌ನನ್ನೇ ನೋಡಿ ಬರೆದದ್ದು ಅಂತ ಎಲ್ಲರೂ ಹೇಳುತ್ತಾರೆ. 1819ರಲ್ಲಿ ಕಥೆ ಅಚ್ಚಾದಾಗ ಪತ್ರಿಕೆಯವರು ಬೈರನ್ ಹೆಸರು ಹಾಕಿಬಿಟ್ಟರು. ಪೊಲಿಡೊರಿ ಎರಡೇ ವರ್ಷಕ್ಕೆ ತೀರಿಕೊಂಡ, 25ರಲ್ಲಿ.

ನನಗೆ ಆ ಹುಡುಗನ ಮೇಲೆ ಕನಿಕರ. ಇಬ್ಬರೂ, ಅವನೂ ಮೇರಿಯೂ, ಇವತ್ತಿನ ಲೆಕ್ಕದಲ್ಲಿ ಕಾಲೇಜು ಮಕ್ಕಳು. ಹದಿಹರೆಯದವರಿಗೆ ಭಯದ ಕಥೆ ಬೇಕಾ ಅಂತ ಕೇಳುವವರಿಗೆ ನಾನು ಈಗೀಗ ಇದನ್ನೇ ಹೇಳುತ್ತೇನೆ, ಬರೆದವರೇ ಆ ವಯಸ್ಸಿನವರು ಅಂತ. ಆದರೆ ರೈತನ ಮೆಟ್ಟು ಕಳಚಿ ದೊರೆಯ ಬೂಟು ಹಾಕಿಸಿದವನೂ ಅವನೇ. ಆಮೇಲೆ ಬಂದವರೆಲ್ಲ ಆ ಬೂಟಿನ ಹಿಂದೆಯೇ ನಡೆದರು. 1897ರಲ್ಲಿ ಬ್ರಾಮ್ ಸ್ಟೋಕರ್, ತಾನು ಒಮ್ಮೆಯೂ ಕಾಲಿಡದ ಟ್ರಾನ್ಸಿಲ್ವೇನಿಯಾದಲ್ಲಿ, ಡ್ರಾಕುಲಾನಿಗೆ ಕೋಟೆಯನ್ನೇ ಕೊಟ್ಟ. ಬಿಸಿಲು ಬಿದ್ದರೆ ವ್ಯಾಂಪೈರ್ ಸಾಯುತ್ತಾನೆ ಅನ್ನುವುದು ಹಳೇ ನಂಬಿಕೆ ಅಂದುಕೊಂಡಿದ್ದೆ. ಸ್ಟೋಕರ್‌ನ ಡ್ರಾಕುಲಾ ಹಗಲಲ್ಲೇ ಲಂಡನ್ನಿನಲ್ಲಿ ತಿರುಗಾಡುತ್ತಾನೆ. ಬಿಸಿಲಿನ ಸಾವು ಜನಕ್ಕೆ ಅಂಟಿದ್ದು 1922ರ ಜರ್ಮನ್ ಮೂಕಿ ಸಿನಿಮಾದಿಂದ. ಕೊನೆಕೊನೆಗೆ ಅವನು ಹೈಸ್ಕೂಲಿಗೂ ಬಂದ, ಪ್ರೇಮಿಯೂ ಆದ. ನನ್ನ ಮಡಿಕೇರಿಯ ಕೋಟು ಅದೇ ಅಂಗಡಿಯದ್ದು.

ಇದರ ಮಧ್ಯೆ ಒಂದು ಕಥೆ ಸಿಕ್ಕಿತು, ಅದನ್ನು ಓದಿದ ಮೇಲೆ ಹುಡುಗನನ್ನು ಪೂರ್ತಿ ಬಿಟ್ಟೆ. ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಎಕ್ಸೆಟರ್ ಅನ್ನುವ ಹಳ್ಳಿ. ಜಾರ್ಜ್ ಬ್ರೌನ್ ಅನ್ನುವ ರೈತನ ಮನೆಗೆ ಕ್ಷಯ ಹೊಕ್ಕಿತು. ಮೊದಲು ಹೆಂಡತಿ ಹೋದಳು, ಆಮೇಲೆ ದೊಡ್ಡ ಮಗಳು. ಮಗ ಎಡ್ವಿನ್ ಹಾಸಿಗೆ ಹಿಡಿದ. 1892ರ ಜನವರಿಯಲ್ಲಿ ಇನ್ನೊಬ್ಬ ಮಗಳು ಮರ್ಸಿ ತೀರಿಕೊಂಡಳು. ಅವಳಿಗೆ 19.

ಸತ್ತವರಲ್ಲಿ ಯಾರೋ ಒಬ್ಬರು ಬದುಕಿರುವ ಎಡ್ವಿನ್‌ನನ್ನು ಹೀರುತ್ತಿದ್ದಾರೆ ಅಂತ ಊರವರು ತೀರ್ಮಾನ ಮಾಡಿದರು. ಜಾರ್ಜ್‌ಗೆ ಅದರಲ್ಲಿ ನಂಬಿಕೆ ಇರಲಿಲ್ಲ. ಆದರೆ ಒಬ್ಬನೇ ಮಗ, ಊರೆಲ್ಲ ಒಂದು ಕಡೆ, ಒಪ್ಪಿದ. ಮಾರ್ಚ್ 17ರಂದು ಮೂವರ ದೇಹಗಳನ್ನೂ ತೆಗೆದರು. ಅಮ್ಮ, ಅಕ್ಕ ಮೂಳೆಯಾಗಿದ್ದರು. ಮರ್ಸಿ ಸತ್ತು ಎರಡು ತಿಂಗಳಷ್ಟೇ, ಅದೂ ಕೊರೆಯುವ ಚಳಿಗಾಲದಲ್ಲಿ, ಮಣ್ಣಿಗಿಡದೆ ಕಲ್ಲಿನ ಕೋಣೆಯಲ್ಲಿ ಇಟ್ಟಿದ್ದರು. ಅವಳ ದೇಹ ಕೆಟ್ಟಿರಲಿಲ್ಲ. ಇದು ಸಹಜ ಅಂತ ಬಂದಿದ್ದ ಡಾಕ್ಟರು ಹೇಳಿದರೂ ಯಾರೂ ಕೇಳಲಿಲ್ಲ. ಅವಳ ಹೃದಯವನ್ನು ಬಂಡೆಯ ಮೇಲೆ ಸುಟ್ಟು, ಬೂದಿಯನ್ನು ನೀರಿಗೆ ಬೆರೆಸಿ ಅಣ್ಣನಿಗೆ ಕುಡಿಸಿದರು. ಅವನು ಮೇ ತಿಂಗಳಲ್ಲಿ ಸತ್ತ.

ಕ್ಷಯಕ್ಕೆ ಕಾರಣವಾದ ರೋಗಾಣುವನ್ನು ರಾಬರ್ಟ್ ಕಾಖ್ ಜಗತ್ತಿಗೆ ತೋರಿಸಿ ಆಗಲೇ ಹತ್ತು ವರ್ಷ ಆಗಿತ್ತು. ಆ ವಿಷಯ ಎಕ್ಸೆಟರ್‌ಗೆ ಬಂದಿರಲಿಲ್ಲ, ಬಂದಿದ್ದರೂ ಔಷಧ ಇರಲಿಲ್ಲ. ಕ್ಷಯ ಅನ್ನುವ ನಮ್ಮ ಪದವನ್ನೇ ನೋಡಿ, ಕರಗುವುದು, ಸವೆಯುವುದು. ಕಣ್ಣೆದುರಿಗೆ ಮಗ ದಿನಾ ಒಂದಿಷ್ಟು ಕಮ್ಮಿಯಾಗುತ್ತಿದ್ದರೆ, ಯಾರೋ ತಿನ್ನುತ್ತಿದ್ದಾರೆ ಅಂತ ಅನಿಸದೆ ಏನು ಮಾಡೀತು? ಒಬ್ಬರಿಗೆ ಬಂದರೆ ಅದೇ ಮನೆಯ ಇನ್ನೊಬ್ಬರಿಗೆ ಬರುತ್ತದೆ. ಸತ್ತವರು ಮೊದಲು ತಮ್ಮವರನ್ನೇ ಕರೆದುಕೊಂಡು ಹೋಗುತ್ತಾರೆ ಅನ್ನುವ ಮಾತು ಹುಟ್ಟಿದ್ದು ಅಲ್ಲೇ ಇರಬೇಕು.

ನಾನು ಯೋಚಿಸಿದ್ದು ಮರ್ಸಿಯ ಬಗ್ಗೆ. 19ರ ಹುಡುಗಿ. ಅಮ್ಮ ಅಕ್ಕನನ್ನು ಕಳೆದುಕೊಂಡು, ಕೆಮ್ಮಿ ಕೆಮ್ಮಿ ಸತ್ತು, ಸತ್ತ ಮೇಲೆ ಅಣ್ಣನನ್ನು ತಿಂದವಳು ಅನ್ನಿಸಿಕೊಂಡಳು. ಅವಳ ಕಡೆಯಿಂದ ಒಂದು ಮಾತೂ ದಾಖಲಾಗಿಲ್ಲ, ಹೇಗೆ ಆಗಬೇಕು. ನನ್ನ ಕಾದಂಬರಿಯ ಹುಡುಗಿ ಹುಟ್ಟಿದ್ದು ಹಾಗೆ. ಅವಳು ರೋಡ್ ಐಲೆಂಡಿನವಳಲ್ಲ, ಮರ್ಸಿಯೂ ಅಲ್ಲ. ತುಮಕೂರು ಕಡೆಯ ಒಂದು ಸಣ್ಣ ಊರಿನವಳು, ಜ್ವರ ಬಂದು ಸತ್ತಿದ್ದಾಳೆ, ಮನೆಗೆ ಬರುತ್ತಾಳೆ.

ನಮ್ಮೂರಿಗೆ ತಂದ ಮೇಲೆ ನಿಯಮಗಳ ತಲೆನೋವು ಶುರುವಾಯಿತು. ಫ್ಯಾಂಟಸಿ ಬರೆಯುವವರಿಗೆ ಇದು ಗೊತ್ತು. ಏನು ಬೇಕಾದರೂ ಆಗಬಹುದಾದ ಕಥೆಯಲ್ಲಿ ಏನೂ ಆಗುವುದಿಲ್ಲ. ಕಟ್ಟು ಬೇಕು. ಸ್ಲಾವ್ ಜನರ ನಂಬಿಕೆಯಲ್ಲಿ ಒಂದು ಚಂದದ ಕಟ್ಟು ಇದೆ: ಕಾಳು ಚೆಲ್ಲಿದರೆ ವ್ಯಾಂಪೈರ್ ಅದನ್ನು ಎಣಿಸದೆ ಮುಂದೆ ಹೋಗುವಂತಿಲ್ಲ. ಬೆಳಗಿನವರೆಗೆ ಎಣಿಸುತ್ತಾ ಕೂರುತ್ತಾನೆ. ಇದನ್ನು ತರೋಣ ಅಂತ ರಾಗಿ ಚೆಲ್ಲಿಸಿ ಒಂದು ಅಧ್ಯಾಯ ಬರೆದೆ. ದೆವ್ವ ಕೂತು ರಾಗಿ ಎಣಿಸುವುದು ಓದಿ ಅಕ್ಕ ಬಿದ್ದು ಬಿದ್ದು ನಕ್ಕಳು. ಆ ಅಧ್ಯಾಯ ಹೋಯಿತು.

ನಮ್ಮ ಬೇತಾಳನ ಕಟ್ಟು ಇದಕ್ಕಿಂತ ಗಟ್ಟಿ. 11ನೇ ಶತಮಾನದ ಕಾಶ್ಮೀರದ ಸೋಮದೇವನ ಕಥಾಸರಿತ್ಸಾಗರದಲ್ಲೇ ಇರುವ ಆ ಕಥೆಗಳನ್ನು ನಾನು ಓದಿದ್ದು ಚಂದಮಾಮದಲ್ಲಿ, ಬಹುಶಃ ನೀವೂ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ರಾಜನ ತಲೆ ಸಿಡಿದು ಹೋಳಾಗುತ್ತದೆ. ಬಾಯಿ ಬಿಟ್ಟರೆ ಬೇತಾಳ ಶವದ ಸಮೇತ ಮತ್ತೆ ಮರಕ್ಕೆ ಹಾರುತ್ತಾನೆ. ಎರಡು ಕಡೆಯೂ ಸೋಲು. ಇಂಗ್ಲಿಷಿನವರು ಬೇತಾಳನನ್ನು ವ್ಯಾಂಪೈರ್ ಅಂತಲೇ ಕರೆದರು. 1870ರಲ್ಲಿ ರಿಚರ್ಡ್ ಬರ್ಟನ್ ತನ್ನ ಪುಸ್ತಕಕ್ಕೆ ಆ ಹೆಸರನ್ನೇ ಇಟ್ಟ. ನನಗೆ ಅದು ಒಪ್ಪಿಗೆಯಿಲ್ಲ. ಬೇತಾಳ ರಕ್ತ ಕುಡಿಯುತ್ತಾ ಕೂರುವವನಲ್ಲ, ವಾದ ಮಾಡುವವನು. ಯಾರದೋ ಶವ ಹೊಕ್ಕು ಮಾತಾಡುತ್ತಾನೆ, ಅವನಿಗೂ ಮನೆಯಿಲ್ಲ.

ಮನೆ ಇರುವ ದೆವ್ವ ನಮ್ಮಲ್ಲಿ ಬೇರೆ ಇದೆ. 1990ರ ದಶಕದ ಬೆಂಗಳೂರಿನಲ್ಲಿ ಬೆಳೆದವರಿಗೆ ನೆನಪಿರುತ್ತದೆ, ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆಯುತ್ತಿದ್ದದ್ದು. ರಾತ್ರಿ ಒಂದು ಹೆಣ್ಣು ದೆವ್ವ ಬಂದು ಬಾಗಿಲು ಬಡಿಯುತ್ತದೆ, ಅಮ್ಮನ ದನಿಯಲ್ಲೋ ಮನೆಯವರ ದನಿಯಲ್ಲೋ ಕರೆಯುತ್ತದೆ, ತೆಗೆದರೆ ಕಥೆ ಮುಗೀತು. ಬರೆದಿದ್ದರೆ ಓದಿಕೊಂಡು ವಾಪಸ್ ಹೋಗುತ್ತದೆ. ಮಾರನೇ ದಿನ ಬಂದು ಮತ್ತೆ ಓದುತ್ತದೆ. ನಮ್ಮ ಬೀದಿಯಲ್ಲಿ ಸೀಮೆಸುಣ್ಣದಲ್ಲಿ ಬರೆದಿದ್ದರು, ಮಳೆ ಬಂದರೆ ಮತ್ತೆ ಬರೆಯಬೇಕಿತ್ತು. ಆ ದೆವ್ವಕ್ಕೆ ಕನ್ನಡ ಓದಲು ಬರುತ್ತಿತ್ತು, ಬರೆದದ್ದಕ್ಕೆ ಮರ್ಯಾದೆಯನ್ನೂ ಕೊಡುತ್ತಿತ್ತು! "ಇಂದು ನಗದು ನಾಳೆ ಉದ್ರಿ" ಅಂತ ಅಂಗಡಿಯವರು ಬೋರ್ಡು ಹಾಕುತ್ತಿದ್ದರಲ್ಲ, ಅದನ್ನು ಕಂಡುಹಿಡಿದ ತಲೆಯೇ ಇದನ್ನೂ ಕಂಡುಹಿಡಿದಿರಬೇಕು.

ಬಾಗಿಲಾಚೆ ನಿಂತವರು ನಮ್ಮವರಾ ಅಲ್ಲವಾ, ತೆಗೆಯಬೇಕಾ ಬೇಡವಾ. ಸ್ಟೋಕರ್‌ನ ಡ್ರಾಕುಲಾನೂ ಮನೆಯವರು ಒಳಗೆ ಬಾ ಅನ್ನದೆ ಮೊದಲ ಸಲ ಹೊಸ್ತಿಲು ದಾಟುವಂತಿಲ್ಲ. ಹದಿನಾಲ್ಕು ವರ್ಷದವರಿಗೆ ಈ ಬಾಗಿಲಿನ ವಿಷಯ ನಮಗಿಂತ ಚೆನ್ನಾಗಿ ಗೊತ್ತು. ಅಕ್ಕನ ಮಗಳ ರೂಮಿನ ಬಾಗಿಲ ಮೇಲೂ ಒಂದು ಬರಹ ಇದೆ, "ಬಡಿಯದೆ ಬರಬೇಡಿ" ಅಂತ.

ಇನ್ನೊಂದು ಬಾಗಿಲು ನೆನಪಾದದ್ದು ತಡವಾಗಿ. ಮಹಾಲಯ ಅಮಾವಾಸ್ಯೆಯ ದಿನ ಅಜ್ಜಿ ಮನೆಯಲ್ಲಿ ಹಿರಿಯರಿಗೆ ಎಡೆ ಇಡುತ್ತಿದ್ದರು. ಹೊಸ ಬಟ್ಟೆ, ಮುದ್ದೆ, ಕೋಳಿ ಸಾರು, ವಡೆ, ತಾತನಿಗೆ ಅಂತ ಒಂದು ಕಟ್ಟು ಬೀಡಿ. ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಜಗಲಿ ಮೇಲೆ ಕೂರುತ್ತಿದ್ದೆವು, ಒಳಗೆ ಅವರು ಬಂದು ಊಟ ಮಾಡಲಿ ಅಂತ. ಬಾಗಿಲು ತೆಗೆಯುವ ಮುಂಚೆ ಅಜ್ಜಿ ಒಮ್ಮೆ ಕೆಮ್ಮುತ್ತಿದ್ದರು. ಮಕ್ಕಳಿಗೆ ಹಸಿವಿನಲ್ಲಿ ಅದು ಬಹಳ ಹೊತ್ತು ಅನಿಸುತ್ತಿತ್ತು. ಯಾರಿಗೂ ಹೆದರಿಕೆ ಆಗುತ್ತಿರಲಿಲ್ಲ. ಸತ್ತವರು ಮನೆಯೊಳಗೆ, ಬದುಕಿರುವವರು ಹೊರಗೆ, ನಡುವೆ ಮುಚ್ಚಿದ ಬಾಗಿಲು. ಸರ್ಬಿಯಾದವರು ನೋಡಿದರೆ ಎದೆ ಒಡೆದುಕೊಳ್ಳುತ್ತಿದ್ದರೇನೋ.

ಮೆಟ್ಟಿನ ವಿಷಯವೂ ಇತ್ತು. ಪಕ್ಕದ ಮನೆಯ ಅಜ್ಜ ತೀರಿಕೊಂಡಾಗ ಕರ್ಮದ ದಿನ ಹೊಸ ಚಪ್ಪಲಿ, ಕೊಡೆ, ಚೊಂಬು ದಾನ ಕೊಟ್ಟಿದ್ದನ್ನು ನೋಡಿದ್ದೆ. ಯಾಕೆ ಅಂತ ಕೇಳಿದ್ದಕ್ಕೆ, ಅವರು ಹೋಗುವ ದಾರಿಯಲ್ಲಿ ಬಿಸಿಲು ಮುಳ್ಳು ಜಾಸ್ತಿ, ಬರಿಗಾಲಲ್ಲಿ ಹೇಗೆ ನಡೀತಾರೆ ಅಂದಿದ್ದರು. ಅಲ್ಲಾ, ಕಿಸಿಲ್ಯೇವೊದ ಪೆಟಾರ್ ಕೇಳಿದ್ದೂ ಅಷ್ಟೇ ತಾನೇ?

ಈಗ ಬರೆಯುತ್ತಿರುವುದು ಏಳನೇ ಅಧ್ಯಾಯ. ರಾತ್ರಿ. ಹೊರಗೆ ಮಗಳು ನಿಂತಿದ್ದಾಳೆ, ಒಳಗೆ ಅಮ್ಮ. ಬಾಗಿಲ ಮೇಲೆ ತಮ್ಮ ಸೀಮೆಸುಣ್ಣದಲ್ಲಿ ಬರೆದ ನಾಳೆ ಬಾ. ಮಗಳು ತನ್ನ ಚಪ್ಪಲಿ ಕೇಳುತ್ತಿದ್ದಾಳೆ. ಅಮ್ಮ ಬಾಗಿಲು ತೆಗೆದ ಹಾಗೆ ಒಂದು ಸಲ ಬರೆದೆ, ತೆಗೆಯದ ಹಾಗೆ ಒಂದು ಸಲ ಬರೆದೆ. ಎರಡೂ ಸುಳ್ಳು ಅನಿಸಿತು. ಅಕ್ಕನ ಮಗಳಿಗೆ ಕೊಟ್ಟೆ.

"ಕಿಟಕಿಯಿಂದ ಎಸೆದರೆ ಆಗಲ್ವಾ?" ಅಂದಳು.

"ಆಮೇಲೆ? ಅವಳು ಹಾಕ್ಕೊಂಡು ಹೋಗಿಬಿಟ್ಟರೆ ಕಥೆ ಮುಗಿದು ಹೋಗುತ್ತಲ್ಲೇ."

"ಮುಗೀಲಿ ಬಿಡು ಚಿಕ್ಕಿ. ಪಾಪ, ಅವಳಿಗೆ ಬೇಕಾಗಿದ್ದು ಚಪ್ಪಲಿ ತಾನೇ."

ಸರಿ ಅಂತ ಹಾಗೇ ಬರೆಯಲು ಕೂತೆ. ಅಮ್ಮ ಎದ್ದಳು, ಮಂಚದ ಕೆಳಗಿಂದ ಚಪ್ಪಲಿ ತೆಗೆದಳು, ಸೆರಗಿನಲ್ಲಿ ಧೂಳು ಒರೆಸಿದಳು. ಕಿಟಕಿ ತೆಗೆದಳು. ಎಸೆದಳು. ಬರೆದು ಮುಗಿಸಿ ಮತ್ತೆ ಓದಿದಾಗ ಗೊತ್ತಾಯಿತು, ಅವಳು ಎಸೆದದ್ದು ಒಂದೇ ಕಾಲಿನದು. ಇನ್ನೊಂದು ಅವಳ ಮಡಿಲಲ್ಲೇ ಇದೆ.